ಜೋಳ ಹಿಡಿದು ಬಲ್ಬು ಆರಿಸಿದ ಅತ್ತೆ

ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ನೀರು ಹೊಡೆದೆ. ನಳದ ನೀರು ಬಂದಿತ್ತು, ಡ್ರಮ್ಮು ತುಂಬಿಸಿಟ್ಟೆ. ಹಾಲು ಕಾಸಿ, ರೊಟ್ಟಿ ಬಡಿದು, ಮನೆಯವರ ಡಬ್ಬಿ ಕಟ್ಟಿದೆ. ಹೊದಿಕೆಗಳನ್ನು ಒಗೆದು ಮಾಳಿಗೆಯ ಮೇಲೆ ಒಣಹಾಕಿದೆ. ಮಧ್ಯಾಹ್ನ ಅಡುಗೆಮನೆಯ ಬಲ್ಬು ನಾಲ್ಕು ಸಲ ಮಿಣುಕಿ ಆರಿಹೋಯಿತು. ಸಂಜೆ ಹೊಸದು ತರಲು ಪೇಟೆಗೆ ಹೊರಟವಳು ಚಪ್ಪಲಿ ಮೆಟ್ಟುವ ಮೊದಲು ಒಳಗೆ ತಿರುಗಿ ಹೋಗಿ, ಒಂದು ಹಿಡಿ ಬಿಳಿಜೋಳ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಬಲ್ಬು ತರುವವರು ಜೋಳ ಏಕೆ ಒಯ್ಯಬೇಕು ಎಂಬುದು ನಮ್ಮತ್ತೆ ನೀಲವ್ವನನ್ನು ಕಂಡವರಿಗಷ್ಟೇ ಗೊತ್ತು.

ಅತ್ತೆ ಸೂರಿನಡಿ ನಿಂತು ಯಾವ ವಸ್ತುವನ್ನೂ ನಂಬಿದವರಲ್ಲ. ಸೀರೆಯಂಗಡಿಯಲ್ಲಿ ಎಂಥ ಸೀರೆ ಬಿಚ್ಚಿದರೂ ಅದರ ಒಂದು ತುದಿ ಹಿಡಿದು ಬೀದಿಗೆ ಎಳೆದೊಯ್ಯುತ್ತಿದ್ದರು. "ನಿಮ್ಮ ಲೈಟಿನ್ಯಾಗ ನನ್ನ ಮಾರಿನೂ ಚಂದ ಕಾಣ್ತೈತಿ. ಬಿಸಲಾಗ ತೋರ್ಸು," ಎನ್ನುವರು. ಅರಿಷಿಣ, ಕುಂಕುಮ, ತೊಗರಿಬೇಳೆ, ಹಾಲು, ಎಲ್ಲವೂ ಹೊಸ್ತಿಲ ಆಚೆ ಬಿಸಿಲು ಕಂಡೇ ಒಳಗೆ ಬರಬೇಕು. ನನ್ನನ್ನು ನೋಡಲು ಬಬಲೇಶ್ವರಕ್ಕೆ ಬಂದಾಗಲೂ ಹಾಗೇ. ನಾನು ಪಡಸಾಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರೆ, "ಹುಡುಗೀನ್ನ ಸ್ವಲ್ಪ ಅಂಗಳಕ್ಕ ಕರ್ಕೊಂಡ ಬರ್ರಿ," ಎಂದುಬಿಟ್ಟರು. ನಮ್ಮಪ್ಪನ ಮುಖ ಕೆಂಪಾಯಿತು. ಅತ್ತೆ ಮಾತ್ರ ತಣ್ಣಗೆ, "ಸಿಟ್ಟಾಗಬ್ಯಾಡ್ರಿ ಬೀಗರ. ನನ್ನ ಮಗನ್ನೂ ಬಿಸಲಿಗೇ ನಿಂದ್ರಸ್ತೇನಿ, ನೀವೂ ಸುತ್ತ ತಿರುಗಿ ನೋಡ್ಕೊಳ್ರಿ," ಎಂದರು. ಅಪ್ಪ ನಿಜವಾಗಿಯೂ ಒಂದು ಸುತ್ತು ತಿರುಗಿ ನೋಡಿದ. ಸಂಬಂಧ ಕುದುರಿತು.

ರಾತ್ರಿ ಮನೆಯಲ್ಲಿ ಎಲ್ಲರಿಗಿಂತ ಕಡೆಗೆ ಮಲಗುವವರು ಅವರೇ. ನಾನು ಹಾಕಿದ ಚಿಲಕವನ್ನು ಮತ್ತೆ ತೆಗೆದು ಹಾಕುವರು, ನಾನು ಮುಚ್ಚಿದ ಗ್ಯಾಸನ್ನು ಮೂಸಿ ನೋಡುವರು.

ಅತ್ತೆಯ ತವರು ಸಾರವಾಡ. ಅಲ್ಲಿರುವ ತಮ್ಮ ಮಲ್ಲಪ್ಪ ಪ್ರತಿ ಸುಗ್ಗಿಗೆ ಒಂದು ಚೀಲ ಬಿಳಿಜೋಳ ತಂದು ಅಕ್ಕನ ಮನೆಗೆ ಇಳಿಸುತ್ತಿದ್ದರು. ಒಂದು ವರ್ಷ ಅತ್ತೆ ಆ ಚೀಲ ಬಿಚ್ಚಿ, ಬೊಗಸೆ ತುಂಬ ಜೋಳ ಹಿಡಿದು ಅಂಗಳಕ್ಕೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

"ಇದು ಹಳದಿ ಐತಿ," ಎಂದರು ಕಡೆಗೆ. "ಹಳೇ ಜ್ವಾಳ. ಚಲೋದು ಹೆಂಡ್ತಿ ತವರಮನಿಗೆ ಕಳಿಸಿ, ಬೂಸಲ ಹಿಡಿದದ್ದು ನನಗ ತಂದಾನ."

ನಾನು ನೋಡಿದೆ. ಮುತ್ತಿನಂತೆ ಬೆಳ್ಳಗಿತ್ತು. "ಅತ್ತಿ, ಬೆಳ್ಳಗ ಐತಲ್ರಿ," ಎಂದೆ.

"ನಿನಗೂ ಏನರ ಕೊಟ್ಟಾನೇನ್ ಬೇ ಶಾಂತಾ?"

ಮಲ್ಲಪ್ಪ ಮಾವ ಕೈಯಲ್ಲಿದ್ದ ನೀರಿನ ಚರಿಗೆ ಕೆಳಗಿಟ್ಟರು. "ಅಕ್ಕಾ, ನಿನಗ ಕೊಡೂದ್ರಾಗ ಮೋಸ ಮಾಡ್ಲೇನ್ ನಾ?" ಎಂದು ಒಮ್ಮೆ ಕೇಳಿದರು. ಅತ್ತೆ ಬೊಗಸೆಯ ಜೋಳವನ್ನು ಮರಳಿ ಚೀಲಕ್ಕೆ ಸುರಿದರು. ಮಾವ ಚೀಲವನ್ನು ಬೆನ್ನಿಗೇರಿಸಿಕೊಂಡು ಹೋಗಿಬಿಟ್ಟರು. ಮುಂದೆ ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲೂ ಬರಲಿಲ್ಲ. ಆ ದಿನ ಅತ್ತೆ ಇಡೀ ಹೊತ್ತು ಹೊಸ್ತಿಲಲ್ಲೇ ಕುಳಿತಿದ್ದರು. ಆಟೋದ ಸಪ್ಪಳ ಕೇಳಿದಾಗಲೆಲ್ಲ, "ಯಾರ ಬಂದ್ರು ನೋಡ್ ಬೇ," ಎನ್ನುವರು. ನೋಡಿ ಬಂದು ಯಾರೂ ಇಲ್ಲವೆಂದರೆ, "ನಾ ಯಾರ ಹಾದೀನೂ ಕಾಯಾಕತ್ತಿಲ್ಲ," ಎಂದು ನನ್ನ ಮೇಲೇ ಹರಿಹಾಯುವರು.

ಅದಾದ ಮೇಲೆ ನಮ್ಮ ಮೂರು ಖೋಲಿಯ ಮನೆಗೆ ಸುಣ್ಣಬಣ್ಣ ಮಾಡಿಸಿ, ಹಳೆಯ ಟ್ಯೂಬುಗಳನ್ನು ತೆಗೆದು ಎಲ್‌ಇಡಿ ಹಾಕಿಸುವುದೆಂದಾಯಿತು. ಅತ್ತೆ ಸೆರಗಿಗೆ ಒಂದು ಹಿಡಿ ಜೋಳ ಕಟ್ಟಿಕೊಂಡು ನನ್ನೊಂದಿಗೆ ಬಲ್ಬಿನಂಗಡಿಗೆ ಹೊರಟರು. ಬಿಳಿಜೋಳ ಬೆಳ್ಳಗೆ ಕಾಣುವ ಬಲ್ಬೇ ಬೇಕು, ಇನ್ನೊಮ್ಮೆ ಮೋಸ ಹೋಗಬಾರದು ಎಂಬುದೊಂದೇ ಅವರ ಹಟ.

ಅಂಗಡಿಯವನು ಒಳ್ಳೆಯವನು, ತಾಳ್ಮೆಯಿಂದ ಹೇಳಿದ: "ಅಮ್ಮಾರ, ಮಲಗೂ ಖೋಲಿಗೆ ಹಳದಿ ಬೆಳಕ ತಗೋರಿ, ಕಣ್ಣಿಗೆ ತಂಪ. ಪಡಸಾಲಿಗೆ ನಡುವಿನದು ಸಾಕು. ಅಡಗಿಮನಿಗೆ ಬಿಳಿದು, ಒಲಿಕಟ್ಟಿ ಮ್ಯಾಲ ನಿಮ್ಮ ನೆರಳ ಬೀಳದಂಗ ಹಾಕ್ಸ್ರಿ. ಬಚ್ಚಲಕ್ಕ ಸಣ್ಣದು."

"ಒಂದು ಮನಿಗೆ ನಾಕ ನಮೂನಿ ಬೆಳಕ ಯಾಕೋ ಯಪ್ಪಾ? ಸೂರ್ಯಾ ನಾಕ ನಮೂನಿ ಅದಾನೇನ?"

ಗಂಟು ಬಿಚ್ಚಿ, ಗಾಜಿನ ಕಟ್ಟೆಯ ಮೇಲೆ ಜೋಳ ಹರವಿದರು. ಅವನು ಹಲಗೆಯ ಹೋಲ್ಡರಿಗೆ ಒಂದೊಂದೇ ಬಲ್ಬು ಸಿಕ್ಕಿಸಿದ. ಮೊದಲನೆಯದಕ್ಕೆ, "ಅರಿಷಿಣ ಹಚ್ಚಿದಂಗ ಕಾಣ್ತೈತಿ, ತಗಿ." ಎರಡನೆಯದಕ್ಕೆ, "ಇದೂ ಸುಳ್ಳ ಹೇಳಾಕತ್ತೈತಿ." ಕಟ್ಟಕಡೆಗೆ ಎಲ್ಲಿಂದಲೋ ಒಂದು ಬಲ್ಬು ತಂದು ಹಾಕಿದ. ಅದರ ಬೆಳಕಿಗೆ ಅಂಗಡಿಯವನ ಹಲ್ಲು ಸಹ ನೀಲಿ ಕಂಡವು. ಅತ್ತೆ ಮಾತ್ರ ಜೋಳ ನೋಡಿ ನಿಟ್ಟುಸಿರಿಟ್ಟು, "ಈಗ ಖರೆ ಹೇಳ್ತು ನೋಡು," ಎಂದರು.

"ಅಮ್ಮಾರ, ಅದು ಗೋಡೌನಿಗೆ ಹಾಕೂದ್ರಿ!"

"ಹಂಗಾರ ಗೋಡೌನಿನವರು ಶ್ಯಾಣ್ಯಾರು."

ಮನೆಯ ತುಂಬ ಅವೇ ಬಂದವು, ದೇವರ ಜಗಲಿಗೂ. ಅನ್ನ ಸುಣ್ಣದಂತೆ, ಸಾರು ರಾಡಿಯಂತೆ ಕಾಣತೊಡಗಿತು. ಬಂದ ನೆಂಟರು ನಮ್ಮ ಮುಖ ನೋಡಿ ಆರೋಗ್ಯ ವಿಚಾರಿಸಿದರು. "ಎಕ್ಸ್‌ರೇ ತಗಿಯೋ ಖೋಲಿ ಆಗೇತಿ ನಮ್ಮನಿ," ಎಂದು ಮನೆಯವರು ಗೊಣಗಿದರೆ, ಅತ್ತೆ, "ಕಣ್ಣು ಕುಕ್ಕಿದ್ರ ಕುಕ್ಕಲಿ, ಮೋಸ ಮಾಡೂದಿಲ್ಲ," ಎನ್ನುವರು. ಅಷ್ಟಾದರೂ ಅವರ ಸಂಶಯ ಇಳಿಯಲಿಲ್ಲ. ನಾನು ಒಗೆದ ಬಿಳಿ ಧೋತರ ಹಳದಿ, ಹಾಲು ಹಳದಿ, ಹೊಸ ಗೋಡೆ ಹಳದಿ. ನನಗೆ ಅವರ ಕಣ್ಣಿನ ಮೇಲೇ ಅನುಮಾನ ಶುರುವಾಯಿತು. ಬಾಯಿ ಬಿಟ್ಟು ಹೇಳಿದರೆ, "ನನ್ನ ಕಣ್ಣ ತಗಿಸಿ ಮನಿ ಯಜಮಾನಕಿ ಆಗಾಕಿ ನೀ," ಎಂದು ನಕ್ಕುಬಿಟ್ಟರು. ಆದರೆ ಒಂದು ದಿನ ಹೊಸ್ತಿಲು ಎಡವಿ ಬಿದ್ದರು. ಮನೆಯವರು ಅವರ ಮಾತು ಕೇಳಲಿಲ್ಲ, ಕಣ್ಣಿನ ದವಾಖಾನೆಗೆ ಕರೆದೊಯ್ದರು. ಪೊರೆ ಬೆಳೆದು ಗಟ್ಟಿಯಾಗಿದೆ ಎಂದರು ಡಾಕ್ಟರು. ಅತ್ತೆ ಹೊರಗೆ ಬಂದು ನನ್ನ ಕಿವಿಯಲ್ಲಿ, "ಬಂದವರಿಗೆಲ್ಲಾ ಪರಿ ಬಂದೇತಿ ಅಂತಾನ. ಅವನ ಅಂಗಡಿನೂ ನಡೀಬೇಕಲ್ಲ," ಎಂದರು.

ಅಂತೂ ಬಲಗಣ್ಣಿನ ಆಪರೇಶನ್ ಆಯಿತು. ಕರಿ ಚಷ್ಮಾ ಹಾಕಿಕೊಂಡೇ ಮನೆಯಲ್ಲಿದ್ದವರು, ತೆಗೆಯಬಹುದೆಂದು ಡಾಕ್ಟರು ಹೇಳಿದ ದಿನ ಪಡಸಾಲೆಯಲ್ಲಿ ನಿಂತು ತೆಗೆದರು. ಮೇಲೆ ನೋಡಿದರು. ಮುಖ ಗಂಟಿಕ್ಕಿತು.

"ನಾ ಕಣ್ಣ ಮುಚ್ಚಕೊಂಡಾಗ ಬಲ್ಬ ಯಾರ ಬದ್ಲಿ ಮಾಡಿದ್ರು? ಖರೆ ಹೇಳ್ರಿ."

"ಯಾರೂ ಮಾಡಿಲ್ರಿ ಅತ್ತಿ. ನೀವು ತಂದವ ಅವು."

"ಇಂಥಾ ನೀಲಿ ದೆವ್ವಿನಂಥವು ನಾ ತಂದೇನಂತ? ಶ್ಯಾಣೇಕಿ ಅದಿ ನೀ."

ನನ್ನ ಮಾತಿನ ಮೇಲೆ ನಂಬಿಕೆಯಿಲ್ಲದೆ ಜೋಳದ ಡಬ್ಬಿಗೆ ಕೈ ಹಾಕಿದರು. ಒಂದು ಹಿಡಿ ಜೋಳ ತೆಗೆದು ಅಂಗಳಕ್ಕೆ ನಡೆದರು. ಬೆಳಗಿನ ಎಳೆಬಿಸಿಲು. ಅಂಗೈ ಬಿಚ್ಚಿ ನೋಡಿದರು. ನೆತ್ತಿಗೆ ಏರಿಸಿಕೊಂಡಿದ್ದ ಸೆರಗು ಜಾರಿ ಎಡಗಣ್ಣಿಗೆ ಅಡ್ಡ ಬಂತು. ಸರಿಸಿದರು. ಮತ್ತೆ ತಾವೇ ಬೇಕೆಂದು ಎಡಗಣ್ಣು ಮುಚ್ಚಿದರು. ಆಮೇಲೆ ಬಲಗಣ್ಣು. ಮತ್ತೆ ಎಡಗಣ್ಣು. ಬಾಗಿಲಲ್ಲಿ ನಿಂತ ನನಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಅವರು ಕಟ್ಟೆಯ ಮೇಲೆ ಕುಸಿದು ಕುಳಿತರು.

"ಶಾಂತಾ, ಈ ಕಣ್ಣಿಗೆ ಬೆಳ್ಳಗ ಐತಿ, ಈ ಕಣ್ಣಿಗೆ ಹಳದಿ. ಜ್ವಾಳ ಒಂದ ಐತಿ."

ನಾನು ಅಂಗಳಕ್ಕಿಳಿದು ಅವರ ಪಕ್ಕ ಕುಳಿತೆ.

"ಮಲ್ಲ್ಯಾ ತಂದದ್ದೂ ಹಿಂಗ ಇತ್ತೇನ ಬೇ?"

"ಹೌದ್ರಿ. ಹಿಂಗ ಬೆಳ್ಳಗ ಇತ್ರಿ."

ಮರುದಿನವೇ ಸಾರವಾಡಕ್ಕೆ ಹೊರಟೆವು. ಹಾದಿಯಲ್ಲಿ ಅಂಗಡಿಗೆ ಹೊಕ್ಕು, ಅವನು ಮೊದಲು ಹೇಳಿದ್ದ ಹಳದಿ ಬೆಳಕಿನ ಬಲ್ಬು ಎರಡು ತಮ್ಮನ ಮನೆಗೆಂದು ತೆಗೆದುಕೊಂಡರು. ಬಸ್ಸಿನಲ್ಲಿ ಬಲ್ಬಿನ ಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದಿದ್ದರು.

ಮಲ್ಲಪ್ಪ ಮಾವ ಪಡಸಾಲೆಯಲ್ಲಿದ್ದರು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅಕ್ಕ ಚಾಚಿದ ಬಲ್ಬನ್ನು ಇಸಿದುಕೊಂಡು ಎದ್ದು ಅಂಗಳಕ್ಕೆ ಹೋದರು. ಬಿಸಿಲಿಗೆ ಹಿಡಿದು, ತಿರುವಿ ಮುರುವಿ ನೋಡತೊಡಗಿದರು.

"ಏನ್ ನೋಡಾಕತ್ತೀ?"

"ಸೂರಿನಡಿ ನಿಂತ ಯಾವದೂ ನಂಬಬಾರ್ದಂತ. ನಮ್ಮಕ್ಕ ಹೇಳ್ಯಾಳ."

ಅತ್ತೆ ಅಂಗಳಕ್ಕಿಳಿದು ತಮ್ಮನೆದುರು ನಿಂತರು. "ನೋಡು. ಎಷ್ಟ ಬೇಕಾರ ನೋಡು. ನಿನ್ನ ಜ್ವಾಳ ಚಲೋ ಇತ್ತೋ ತಮ್ಮಾ. ನನ್ನ ಕಣ್ಣ ಕೆಟ್ಟಿದ್ವು."

ಮಾವ ಬಲ್ಬನ್ನೇ ನೋಡುತ್ತಿದ್ದರು. "ಈಗ?"

"ಒಂದು ರಿಪೇರಿ ಆಗೇತಿ."

"ಹಂಗಾರ ಅರ್ಧಾ ಸಂಶಯ ಇನ್ನೂ ಉಳದೈತಿ ಅನ್ನು," ಎಂದು ಬಲ್ಬನ್ನು ಕೆಳಗಿಳಿಸಿದರು. "ಒಳಗ ಬಾ. ಬಿಸಲಾಗ ನಿಂದ್ರಬ್ಯಾಡ, ಕಣ್ಣಿಗೆ ಹತ್ತೀತು."

ಅಂದು ಅಲ್ಲೇ ಉಳಿದೆವು. ಬಿಸಿ ರೊಟ್ಟಿ, ಝುಣಕ ಉಂಡು ಅತ್ತೆ ಎಲ್ಲರಿಗಿಂತ ಮೊದಲು ಮಲಗಿದರು. ಚಿಲಕದ ಹತ್ತಿರ ಸುಳಿಯಲಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಅದನ್ನು ಕಂಡಿರಲಿಲ್ಲ.

ಊರಿಗೆ ಬಂದು ಎಲ್ಲ ಬಲ್ಬು ಬದಲಿಸಿದೆವು. ಅಡುಗೆಮನೆಯದನ್ನು ಮಾತ್ರ ಬಿಡಿಸಗೊಡಲಿಲ್ಲ. "ಅದೊಂದು ಇರ್ಲಿ ಬೇ. ನಾಳೆ ನಾ ಮತ್ತ ಯಾರನ್ನರ ಕಳ್ಳ ಅಂದ್ರ, ಅದರ ಕಡೆ ಬಟ್ಟ ಮಾಡಿ ತೋರ್ಸು." ಅವರ ಸ್ವಭಾವವೇನೂ ಬದಲಾಗಲಿಲ್ಲ. ಹಾಲಿನವನು, ಗಿರಣಿಯವನು, ಕಿರಾಣಿಯವನು, ದಿನಕ್ಕೊಬ್ಬರು ಸಿಕ್ಕಿಬೀಳುತ್ತಿದ್ದರು. ನಾನು ಸುಮ್ಮನೆ ಬೆರಳೆತ್ತುತ್ತಿದ್ದೆ. ಅತ್ತೆ ಬಲ್ಬಿನತ್ತ ನೋಡಿ, "ಆತು ಬಿಡು," ಎನ್ನುತ್ತಿದ್ದರು. ಎಡಗಣ್ಣಿನ ಆಪರೇಶನ್ ನಾಳೆ ನಾಳೆ ಎನ್ನುತ್ತಿರುವಾಗಲೇ, ಒಂದು ಚಳಿಗಾಲದ ಬೆಳಿಗ್ಗೆ ಹೋಗಿಬಿಟ್ಟರು. ಇಂದು ಆರಿಹೋದದ್ದು ಆ ಬಲ್ಬು.

ಅಂಗಡಿಯವನು ನನ್ನ ಸೆರಗಿನ ಗಂಟು ನೋಡಿಯೇ ಹಲಗೆ ಎಳೆದುಕೊಂಡ. ಜೋಳ ಹರವಿದೆ. ಮಲ್ಲಪ್ಪ ಮಾವ ಈ ಸುಗ್ಗಿಗೆ ಇಳಿಸಿದ ಚೀಲದ್ದು. ಜೋಳ ಜೋಳದಂತೆ ಕಾಣುವ ಬಲ್ಬು ತಂದು ಹಾಕಿದೆ.

ಊಟಕ್ಕೆ ಕುಳಿತಾಗ, "ರೊಟ್ಟಿ ಬಿರುಸಾಗ್ಯಾವು. ಗಿರಣಿಯಾವ ಹಿಟ್ಟ ಬದ್ಲಿ ಮಾಡ್ಯಾನ," ಎಂದೆ. ಮನೆಯವರು ಉಣ್ಣುತ್ತಲೇ ಎಡಗೈ ಬೆರಳನ್ನು ಮೇಲೆತ್ತಿದರು. ಇಬ್ಬರೂ ನೋಡಿದೆವು. ಅಲ್ಲಿ ಹೊಸ ಬಲ್ಬಿತ್ತು. ಅವರು ಬೆರಳಿಳಿಸಿದರು.

ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಮೊಸರು ಉಂಡೆವು. ಮೊದಲು ಮಲಗಿದವರು ಅವರು. ನಾನು ಗ್ಯಾಸ್ ಮೂಸಿ ನೋಡಿದೆ, ಹಾಕಿದ್ದ ಚಿಲಕವನ್ನು ತೆಗೆದು ಮತ್ತೆ ಹಾಕಿದೆ.