ಹುಳದ ಮನೆಯ ಬಾಗಿಲಲ್ಲಿ ಕಾದ ಸಿಸ್ಟರ್

ಮೊನ್ನೆ ಮಾಲೂರಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಮಗುವಿನ ಕೈಕಾಲಿಗೆ ಸೊಳ್ಳೆ ಕ್ರೀಮು ಹಚ್ಚತೊಡಗಿದಳು. ನಿಂಬೆಹಣ್ಣಿಗೆ ಔಷಧಿಯ ಘಾಟು ಬೆರೆತಂಥ ವಾಸನೆ. ನಾನು ಎದ್ದು ದೂರ ಹೋಗಿ ನಿಂತೆ. ಅವಳು ಏನಂದುಕೊಂಡಳೋ... ಹದಿನೈದು ವರ್ಷವಾದರೂ ಆ ವಾಸನೆ ಮೂಗಿಗೆ ಬಿದ್ದರೆ ಒಬ್ಬರ ಮುಖ ನೆನಪಾಗುತ್ತದೆ. ಹಿಂದೆಯೇ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅವರನ್ನು ನಾವೆಲ್ಲ ಸಿಸ್ಟರ್ ಎನ್ನುತ್ತಿದ್ದೆವು. ಪೋಲೆಂಡ್ ದೇಶದವರು, ನರ್ಸ್ ಓದಿದ್ದ ಕ್ರೈಸ್ತ ಸನ್ಯಾಸಿನಿ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಗೌನಿಪಲ್ಲಿ ಹತ್ತಿರದ ನಮ್ಮೂರಲ್ಲಿ ಅವರ ಮಠದ್ದೊಂದು ಸಣ್ಣ ದವಾಖಾನೆ ಇತ್ತು. ಪಾಪ, ಬೆಂಗಳೂರಿನಲ್ಲಿ ಆರು ತಿಂಗಳು ಕೂತು ಕನ್ನಡ ಕಲಿತು ಬಂದರೆ ಸಿಕ್ಕಿದ್ದು ಮನೆಮನೆಯಲ್ಲೂ ತೆಲುಗು ಆಡುವ, ಹೆಂಗಸರಿಗೆ ಕನ್ನಡ ಅಷ್ಟಾಗಿ ತಿಳಿಯದ ಊರು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅವರ ಜೊತೆ ಓಡಾಡಲು, ಅವರ ಮಾತನ್ನು ತೆಲುಗಿಗೆ ತಿರುಗಿಸಿ ಹೇಳಲು ಇಟ್ಟುಕೊಂಡರು.

ನಾನು ಹೇಳಬೇಕೆಂದಿರುವುದು ಒಂದು ವಾರದ ಕಥೆ. ಒಂದು ಭಾನುವಾರ ಬೋರ್‌ವೆಲ್ ಹತ್ತಿರ ಸಿಸ್ಟರ್ ನಮ್ಮ ಸೋದರತ್ತೆಯ ಸೊಸೆಯನ್ನು ನೋಡಿದರು. ನಾನು ಅಕ್ಕಾ ಎಂದು ಕರೆಯುತ್ತಿದ್ದವಳು, ಎಂಟು ತಿಂಗಳ ಬಸುರಿ. ಮುಖ ಊದಿತ್ತು. ಸಿಸ್ಟರ್ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅವಳ ಕಾಲನ್ನು ಬೆರಳಿನಿಂದ ಒತ್ತಿದರು. ಗುಳಿ ಬಿತ್ತು, ಬಿದ್ದ ಗುಳಿ ಹಾಗೇ ಉಳಿಯಿತು. ಬಿ.ಪಿ. ನೋಡಿದವರೇ, ನಾಳೆಯೇ ಶ್ರೀನಿವಾಸಪುರದ ಆಸ್ಪತ್ರೆಗೆ ಹೋಗಬೇಕು, ಜೀಪು ನಾನು ತರುತ್ತೇನೆ ಎಂದರು.

ಆದರೆ ಅದೇ ದಿನ ಅತ್ತೆಯ ಮನೆಯ ರೇಷ್ಮೆ ಹುಳ ಕೊನೆಯ ಸಲ ಪೊರೆ ಬಿಟ್ಟು, ನಮ್ಮ ಕಡೆಯ ಮಾತಲ್ಲಿ ನಾಲ್ಕನೇ ಜ್ವರದಿಂದ, ಎದ್ದಿದ್ದವು. ಹುಳ ಹಾಗೆ ಎದ್ದರೆ ಗೂಡು ಕಟ್ಟುವ ತನಕ ಏಳೆಂಟು ದಿನ ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ತಿನ್ನುತ್ತವೆ. ಮನೆಯವರಿಗೆ ಬೆನ್ನು ನೆಟ್ಟಗೆ ಮಾಡಲು ಪುರಸೊತ್ತಿರುವುದಿಲ್ಲ. ನಮ್ಮ ಕಡೆ ಹುಳ ಸಾಕುವುದೂ ಮನುಷ್ಯರು ಇರುವುದೂ ಒಂದೇ ಮನೆಯಲ್ಲಿ. ಆ ವಾರ ಹೊರಗಿನವರಿಗೆ ಬಾಗಿಲು ಬಂದ್. ಹೂವು, ಸೆಂಟು, ಬೀಡಿ ಯಾವುದೂ ಒಳಗೆ ಬರುವಂತಿಲ್ಲ. ಆಸ್ಪತ್ರೆಗೆ ಹೋಗಿ ಬಂದ ಕಾಲಂತೂ ಹೊಸಿಲು ದಾಟುವಂತಿಲ್ಲ.

ಸೋಮವಾರ ನಾವು ಹೋದಾಗ ಅತ್ತೆ ಗೇಟಿನಲ್ಲೇ ಕೈ ಅಡ್ಡ ಹಿಡಿದಳು. "ವದ್ದಮ್ಮಾ, ವದ್ದು! ಆ ಕ್ರೀಮ್ ವಾಸ್ನೆಗೇ ನಮ್ಮ ಹುಳ ಕಕ್ಕೊಂಡು ಸಾಯ್ತವೆ. ದೂರ ನಿಂತ್ಕೊಳೋಕೆ ಹೇಳೇ."

ಸಿಸ್ಟರ್ ನನ್ನ ಕಡೆ ತಿರುಗಿ, "ಆಸ್ಪತ್ರೆಗೆ ಹೋಗದಿದ್ದರೆ ಆಕೆ ಸಾಯಬಹುದು. ಮಗುವೂ ಸಾಯಬಹುದು. ಹೀಗೇ ಹೇಳು" ಎಂದರು.

ಹೀಗೇ ಹೇಳುವುದು ಹೇಗೆ? ಒಳಗೆ ಅಕ್ಕ ಸೊಪ್ಪು ಹೆಚ್ಚುತ್ತಿದ್ದಾಳೆ, ನಾನು ತೆಲುಗಲ್ಲಿ ಹೇಳಿದ್ದೆಲ್ಲ ಅವಳ ಕಿವಿಗೆ ಬೀಳುತ್ತದೆ. ಬಸುರಿಯ ಮುಂದೆ ನಮ್ಮಲ್ಲಿ ಯಾರಾದರೂ ಸಾವಿನ ಮಾತು ಎತ್ತುತ್ತಾರಾ? ನಾನು ಅತ್ತೆಗೆ, "ಸ್ವಲ್ಪ ಬಿ.ಪಿ. ಜಾಸ್ತಿ ಇದೆಯಂತೆ, ತೋರಿಸಿದ್ರೆ ಒಳ್ಳೇದಂತೆ" ಎಂದೆ. ಸ್ವಲ್ಪವಂತೆ! "ಹುಳ ಗೂಡು ಕಟ್ಲಿ, ನೋಡೋಣ" ಎಂದು ಅತ್ತೆ ಒಳಗೆ ಹೋದಳು.

"ಸಾಯಬಹುದು ಅಂತ ಹೇಳಿದೆಯಾ?" ಸಿಸ್ಟರ್ ಕೇಳಿದರು.

"ಹೇಳಿದೆ ಸಿಸ್ಟರ್" ಎಂದೆ.

ಮಂಗಳವಾರವೂ ಅದೇ ಗೇಟು, ಅದೇ ಮಾತು, ಅದೇ ಸುಳ್ಳು. ಅವತ್ತು ಸಂಜೆ ಅವರು ಕ್ರೀಮಿನ ಟ್ಯೂಬನ್ನು ದವಾಖಾನೆಯ ಕಸದ ಬುಟ್ಟಿಗೆ ಹಾಕಿದ್ದನ್ನು ನನ್ನ ಕಣ್ಣಾರೆ ನೋಡಿದೆ. ಬುಧವಾರ ಬೆಳಗ್ಗೆ ಬಂದಾಗ ಮುಖ ಕತ್ತೆಲ್ಲ ಸೊಳ್ಳೆ ಕಚ್ಚಿ ದಪ್ಪದಪ್ಪ ಗಂಧೆ ಎದ್ದಿದ್ದವು. ಗೇಟಿನ ಮೇಲಿಂದ ಎರಡು ಕೈ ಚಾಚಿ, ತಮಗೆ ಬರುತ್ತಿದ್ದ ಕನ್ನಡದಲ್ಲಿ, "ನೋಡಿ ಅಮ್ಮ, ವಾಸನೆ ಇಲ್ಲ" ಎಂದರು. ಅತ್ತೆ ಹತ್ತಿರ ಬಂದು ಮೂಸಿಯೂ ನೋಡಲಿಲ್ಲ.

ಆಮೇಲೆ ಅವರು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು. ಗುರುವಾರ, ಶುಕ್ರವಾರ ದವಾಖಾನೆ ಮುಚ್ಚಿದ ಮೇಲೆ ಬಂದು ಅಲ್ಲೇ ಕೂತರು. ಡೇರಿಗೆ ಹಾಲು ಒಯ್ಯುವವರು, "ಏನ್ಲಾ, ಸಿಸ್ಟರಮ್ಮ ವಾಚ್‌ಮನ್ ಕೆಲ್ಸಕ್ಕೆ ಸೇರ್ಕೊಂಡವ್ರೆ" ಎಂದು ತಮ್ಮತಮ್ಮಲ್ಲೇ ನಕ್ಕರು. ನನಗೆ ನಾಚಿಕೆಯೂ ಆಯಿತು, ರೇಗಿಯೂ ಹೋಯಿತು. "ಸಾಕು ಬನ್ನಿ ಸಿಸ್ಟರ್, ಹುಳ ಹೋದರೆ ಅವರ ಒಂದು ತಿಂಗಳ ದುಡಿಮೆ ಹೋಗುತ್ತೆ, ನಿಮಗೇನು ಗೊತ್ತು?" ಎಂದೆ.

"ಹುಳವನ್ನು ಮತ್ತೆ ಸಾಕಬಹುದು" ಎಂದರು. ಆಮೇಲೆ ತಲೆ ತಗ್ಗಿಸಿ, "ಅಷ್ಟು ದೂರದಿಂದ ದೇವರು ನನ್ನನ್ನು ಗೇಟು ಕಾಯಲು ಕಳಿಸಿದನಾ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆಗಲಾದರೂ ನಾನು ನಿಜ ಹೇಳಿದ್ದರೆ... ಹೇಳಲಿಲ್ಲ.

ಶನಿವಾರ ಬೆಳಗ್ಗೆ ಸಿಸ್ಟರ್ ಜೀಪು ತಂದು ಗೇಟಿನ ಹತ್ತಿರ ನಿಲ್ಲಿಸುವಷ್ಟರಲ್ಲಿ ಹಿತ್ತಲಿನಿಂದ ಅತ್ತೆ ಕಿರುಚಿಕೊಂಡಳು. ಸೊಪ್ಪಿನ ಕಂತೆ ಎತ್ತಲು ಬಗ್ಗಿದ ಅಕ್ಕನಿಗೆ ಫಿಟ್ಸ್ ಬಂದಿತ್ತು. ಸಿಸ್ಟರ್ ಗೇಟು ತಳ್ಳಿಕೊಂಡು, ಹುಳದ ತಟ್ಟೆಗಳ ನಡುವೆ ಚಪ್ಪಲಿ ಕಾಲಲ್ಲೇ ಓಡಿದರು. ಅಕ್ಕನನ್ನು ಪಕ್ಕಕ್ಕೆ ಹೊರಳಿಸಿ, ಬಾಯಿ ಒರೆಸಿ, ಅತ್ತೆಯ ಮಗನನ್ನು ಗದರಿಸಿ ಎತ್ತಿಸಿ ಜೀಪಿಗೆ ಹಾಕಿಸಿದರು. ಶ್ರೀನಿವಾಸಪುರದಲ್ಲಿ ಆಗುವುದಿಲ್ಲ ಎಂದು ಕೋಲಾರಕ್ಕೆ ಕಳಿಸಿದರು. ಆಪರೇಷನ್ ಆಯಿತು. ತಾಯಿ ಬದುಕಿದಳು, ಹೆಣ್ಣು ಮಗು ಬದುಕಿತು.

ಭಾನುವಾರ ಬೆಳಗ್ಗೆ ನೋಡಿದರೆ ತಟ್ಟೆಗಳಲ್ಲಿದ್ದ ಹುಳವೆಲ್ಲ ಹಸಿರು ಕಕ್ಕಿ, ಸುರುಟಿ ಸತ್ತಿದ್ದವು. ಅತ್ತೆಯ ಅಂಗಳದಲ್ಲಿ ಊರೇ ಸೇರಿತು. ಹಿರಿಯರೊಬ್ಬರು ನನ್ನನ್ನು ಮುಂದಕ್ಕೆ ಕರೆದು, "ನಿಜ ಹೇಳು, ಆಯಮ್ಮ ಕ್ರೀಮ್ ಹಚ್ಕೊಂಡಿದ್ಲಾ?" ಎಂದು ಕೇಳಿದರು.

ಹಚ್ಚಿರಲಿಲ್ಲ. ನನಗೆ ಗೊತ್ತಿತ್ತು. ಆದರೆ ಅತ್ತೆ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ನಾನು ನೆಲ ನೋಡುತ್ತಾ "ಗೊತ್ತಿಲ್ಲ" ಎಂದೆ. ಊರಿಗೆ ಅಷ್ಟು ಸಾಕಾಯಿತು. ಮರುದಿನದಿಂದ ದವಾಖಾನೆಯ ಕಡೆ ಯಾರೂ ಕಾಲಿಡಲಿಲ್ಲ. ಎರಡು ವಾರಕ್ಕೆ ಮಠದ ಹಿರಿಯರು ಅವರನ್ನು ಬೇರೆಲ್ಲಿಗೋ ಕಳಿಸಿದರು. ಹೊರಡುವಾಗ ನನ್ನ ಕೈ ಹಿಡಿದು, "ನಾನು ಕ್ರೀಮ್ ಹಚ್ಚಿರಲಿಲ್ಲ. ನೀನು ಹೇಳಿದೆ ಅಲ್ಲವಾ?" ಎಂದು ಕೇಳಿದರು.

"ಹೇಳಿದೆ ಸಿಸ್ಟರ್" ಎಂದೆ.

ಬಸ್ ಸ್ಟ್ಯಾಂಡಿನಿಂದ ಅವತ್ತು ಮಾಲೂರಿನ ನನ್ನ ಮನೆಗೆ ಹೋಗಲಿಲ್ಲ. ಶ್ರೀನಿವಾಸಪುರದ ಬಸ್ಸು ಹತ್ತಿ ಅತ್ತೆಯ ಮನೆಗೆ ಹೋಗಿ, ಎದುರು ಕೂತು ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅತ್ತೆ ಅವರೆಕಾಯಿ ಸುಲಿಯುವುದನ್ನೂ ನಿಲ್ಲಿಸಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು ಕಣೇ. ಸೊಪ್ಪು ಸಾಲ್ದೆ ನಿಮ್ಮ ಮಾವ ಟೊಮೆಟೊ ತೋಟದ ಬದುವಿಂದ ಕುಯ್ಕೊಂಡು ಬಂದಿದ್ರು. ಆ ತೋಟಕ್ಕೆ ಹಿಂದಿನ ದಿನಾನೇ ಔಷಧಿ ಹೊಡ್ದಿದ್ರಂತೆ. ಊರೋರ ಮುಂದೆ ಮನೆ ಯಜಮಾನನ ಹೆಸ್ರು ಹೇಳಕ್ಕಾಗ್ತದಾ? ಆಯಮ್ಮ ಹೆಂಗಿದ್ರೂ ಒಂದಿನ ಹೋಗೋಳೇ."

ದವಾಖಾನೆ ಮುಚ್ಚಿ ಎಷ್ಟೋ ವರ್ಷವಾಗಿದೆ. ಅವರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ಇನ್ನು ಯಾರ ಹತ್ತಿರ ಹೋಗಿ ತಪ್ಪಾಯಿತು ಎನ್ನಲಿ?

ಅಕ್ಕನ ಮಗಳು ಪಕ್ಕದಲ್ಲೇ ಓದುತ್ತಾ ಕೂತಿದ್ದಳು. ಈ ವರ್ಷ ಎಸ್ಸೆಸ್ಸೆಲ್ಸಿ. "ಯಾರ ವಿಷ್ಯ ಅಜ್ಜಿ?" ಎಂದಳು.

"ಯಾರ್ದೂ ಇಲ್ಲ, ಓದ್ಕೊ" ಎಂದಳು ಅತ್ತೆ.

ಈ ಸಲ ನಾನು ನೆಲ ನೋಡಲಿಲ್ಲ. ಅವಳನ್ನು ಹೊರಗೆ ಕರೆದುಕೊಂಡು ಹೋಗಿ, ಅವಳು ಹುಟ್ಟಿದ ದಿನ ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ, "ಅವ್ರ ಹೆಸ್ರೇನು?" ಎಂದಳು.

ನಾನು ಒಂದು ದಿನವೂ ಕೇಳಿರಲಿಲ್ಲ.