ಊರವರ ಚಿಪ್ಪು, ಪ್ರಫುಲ್ಲಕ್ಕನ ಮೂಲೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದ ಹಳೆಯ ಕಟ್ಟಡವೊಂದರ ತಾರಸಿಯ ಮೂಲೆಯಲ್ಲಿ, ಚಪ್ಪಲಿ ಹಾಕಿಕೊಂಡೇ, ಪ್ರಫುಲ್ಲಾ ಮಣೆಯ ಮೇಲೆ ಕೂತಿದ್ದಾರೆ. ಎದುರಿಗೆ ಬಕೆಟ್ಟು, ಕೈಯಲ್ಲಿ ಸವೆದ ಟೂತ್‌ಬ್ರಷ್, ಬಾಯಲ್ಲಿ ಬೈಗುಳ. ಯಾರೋ ಅಲಿಬಾಗಿನ ಕಡಲತೀರದಿಂದ ಹೆಕ್ಕಿ ತಂದ ಚಿಪ್ಪಿನ ಚೀಲ ಬಿಚ್ಚಿದ್ದೇ ತಡ, ಒಳಗೆ ಸತ್ತ ಹುಳುವಿನ ನಾತ ಮೂಗಿಗೆ ಹೊಡೆದಿದೆ.

"ಜೀವ ಇದ್ದದ್ದನ್ನು ಮುಟ್ಟಬೇಡಿ, ಖಾಲಿ ಚಿಪ್ಪು ಮಾತ್ರ ತನ್ನಿ ಅಂತ ಎಷ್ಟು ಸಲ ಬಡ್ಕೊಳ್ಳುವುದು ಮಾರಾಯ್ರೆ! ಹೆಕ್ಕುವಾಗ ಇವರಿಗೆ ಸಮುದ್ರ ಕಾಣ್ತದೆ, ನಾತ ಬರುವಾಗ ನಾನು ಕಾಣ್ತೇನೆ."

ಬೈಯುತ್ತಲೇ ಕೈ ನಡೆಯುತ್ತದೆ. ಅಗಲದ ಚಿಪ್ಪು ಸೋಪಿನ ತಟ್ಟೆಯಾಗುತ್ತದೆ. ಆಳವಿರುವುದಕ್ಕೆ ಮೇಣ ಹೊಯ್ದು ಬತ್ತಿ ಇಟ್ಟರೆ ದೀಪ. ಸಣ್ಣವು ಕನ್ನಡಿಯ ಅಂಚಿಗೆ, ತೆಳುವಾದವು ಗಾಳಿಗಂಟೆಗೆ. ಒಡೆದ ಚೂರೂ ದಂಡವಲ್ಲ, ಹೂಕುಂಡದ ತಳಕ್ಕೆ ಹಾಕಿದರೆ ನೀರು ಬಸಿಯುತ್ತದೆ. ತೂತು ಕೊರೆಯುವಾಗ ಮಾತ್ರ ಚಿಪ್ಪನ್ನು ನೀರಿನಲ್ಲಿ ಅದ್ದಿ ಹಿಡಿಯಬೇಕು. ಒಣಗಿದ್ದರೆ ಫಟ್ಟೆಂದು ಸೀಳಿಹೋಗುತ್ತದೆ.

ಪ್ರಫುಲ್ಲಾ ಮಲ್ಪೆ ಬದಿಯವರು. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಬಾಗಿಲಿಗೊಂದು ಪರದೆ ಇರಲಿಲ್ಲ. ತವರಿನಿಂದ ತಂದ ಚಿಪ್ಪುಗಳನ್ನೇ ಪೋಣಿಸಿ ನೇತುಹಾಕಿದರು. ನೆರೆಯವರು ನೋಡಿದರು, ಅಲ್ಲಿಗೆ ಕೆಟ್ಟಿತು. ಗೋವಾಕ್ಕೆ ಹೋದವರು, ಗಣಪತಿಪುಲೆಗೆ ಹೋದವರು, ಎಲ್ಲರೂ ಚೀಲ ತಂದು "ಏನಾದ್ರೂ ಮಾಡಿಕೊಡಿ ಆಂಟಿ" ಅನ್ನತೊಡಗಿದರು. ಕೂಲಿಯೇನೋ ಅಷ್ಟಿಷ್ಟು ಸಿಗುತ್ತದೆ. ಆದರೆ ಅವರದೊಂದು ಹಟ: ಒಬ್ಬರು ಹೆಕ್ಕಿದ್ದನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ.

"ಮಕ್ಕಳ ಕೈ ಹಿಡ್ಕೊಂಡು ಬಗ್ಗಿ ಬಗ್ಗಿ ಹೆಕ್ಕಿದ್ದು ಅದು. ನಾನು ಮಾರಿದ್ರೆ ಆಗ್ತದಾ?"

ಹೆಕ್ಕಿದವರಿಗೋ ಅದರ ನೆನಪೇ ಇಲ್ಲ. ಫೋನ್ ಮಾಡಿದರೆ "ನೆಕ್ಸ್ಟ್ ವೀಕ್ ಪಕ್ಕಾ." ಹಾಗಾಗಿ ಊರವರ ಪ್ರವಾಸಗಳೆಲ್ಲ ಚೀಲ ಚೀಲವಾಗಿ ಈ ಮೂಲೆಯಲ್ಲಿ ಬಿದ್ದುಕೊಂಡಿದ್ದವು.

ಕಳೆದ ಮೇ ತಿಂಗಳಲ್ಲಿ ಮೂಲೆಗೇ ಸಂಚಕಾರ ಬಂತು. ಮಳೆಗೆ ಮೊದಲು ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಬೇಕೆಂದು ಕಟ್ಟಡದ ಸೊಸೈಟಿ ತೀರ್ಮಾನಿಸಿತು. ಸೆಕ್ರೆಟರಿ ಪುಂಡರೀಕಾಕ್ಷ ಮೈಸೂರು ಕಡೆಯವರು, ಮಾತು ಮೆತ್ತಗೆ, ಅರ್ಥ ಗಟ್ಟಿ. "ಭಾನುವಾರದೊಳಗೆ ಖಾಲಿ ಮಾಡ್ಬಿಡಿ ಪ್ರಫುಲ್ಲಾ ಅವರೇ. ಆಮೇಲೂ ಬಕೆಟ್ಟು ಗಿಕೆಟ್ಟು ಇಲ್ಲಿ ಬೇಡ. ಎಲ್ಲರೂ ಬಟ್ಟೆ ಒಣಗಿಸೋ ಜಾಗ ನೋಡಿ."

ಒಂದೇ ಕೋಣೆಯ ಮನೆ. ಮೂಲೆ ಹೋದರೆ ಕೆಲಸವೇ ಹೋದಂತೆ. ಹೋಟೆಲಿನ ಗಲ್ಲೆಯಲ್ಲಿ ಕೂರುವ ಗಂಡ ವಸಂತಕುಮಾರರು "ನಿನ್ನ ಕಟ್ಟಿಕೊಂಡದ್ದಕ್ಕೆ ನನ್ನ ಕೈಗೆ ಚಿಪ್ಪೇ" ಎಂದು ನಕ್ಕರು. ಮಗ ಸಮಿತ್, "ಮಮ್ಮಿ, ಯೇ ಸಬ್ ಫೇಂಕ್ ದೋ ನಾ" ಅಂದ. "ಮೊದಲು ನಿನ್ನ ಬ್ಯಾಟು ಬಿಸಾಡ್ತೇನೆ, ನೋಡು!"

ಒಂದಾದರೂ ಕಡಿಮೆಯಾಗಲೆಂದು ಶನಿವಾರ ಗಾಳಿಗಂಟೆಯೊಂದನ್ನು ಹೊತ್ತು ಪ್ರಫುಲ್ಲಾ ತಾವೇ ಸೀವುಡ್ಸ್‌ಗೆ ಹೊರಟರು. ಅದನ್ನು ಮಾಡಿಸಿದವಳು ಸೌಜನ್ಯ, ಬೆಂಗಳೂರಿನಿಂದ ಬಂದ ಐಟಿ ಹುಡುಗಿ.

"ಅಯ್ಯೋ ಆಂಟಿ, ಎಷ್ಟ್ ಕ್ಯೂಟಾಗಿದೆ! ಆದ್ರೆ ಬಾಡಿಗೆ ಮನೆ ಅಲ್ವಾ, ಓನರ್ ಮೊಳೆ ಹೊಡೆಯೋಕೆ ಬಿಡಲ್ಲ. ನಿಮ್ಮತ್ರನೇ ಇರ್ಲಿ ಬಿಡಿ."

ಮರಳುವಾಗ ಥಾಣೆಯಲ್ಲಿ ಗಾಡಿ ಬದಲಿಸಿ, ಲೇಡೀಸ್ ಡಬ್ಬಿಯ ನೂಕುನುಗ್ಗಲಿನಲ್ಲಿ ಅದನ್ನು ತಲೆಯ ಮೇಲೆತ್ತಿ ಹಿಡಿದು ನಿಂತರು. ಪಕ್ಕದ ಹೆಂಗಸು ಆಸೆಯಿಂದ ಬೆಲೆ ಕೇಳಿದಳು. ಪ್ರಫುಲ್ಲಾ ತಲೆಯಾಡಿಸಿ "ದುಸರ‍್ಯಾಂಚಂ ಆಹೇ," ಬೇರೆಯವರದ್ದು, ಎಂದರು. ಹೇಳಿದ ಮೇಲೆ ತಮ್ಮ ಮೇಲೇ ಸಿಟ್ಟು ಬಂತಂತೆ.

ಸೋಮವಾರ ಮೇಸ್ತ್ರಿ ಶಂಭು ಬಂದ. ಕಲಬುರಗಿ ಕಡೆಯವನು. ಹಸಿ ಸಿಮೆಂಟಿನ ಮೇಲೆ ಒಡೆದ ಬಿಳಿ ಟೈಲ್ಸಿನ ಚೂರು ಒತ್ತುತ್ತಾ ಹೋದವನು ಕೊನೆಯ ಮೂಲೆಗೆ ಬಂದಾಗ ಕೈ ಝಾಡಿಸಿದ.

"ಚೂರು ಸಾಲೂದಿಲ್ರಿ ಅಕ್ಕಾ. ಈ ಮೂಲಿ ನಾಳಿಗಿ."

ಪ್ರಫುಲ್ಲಾ ಮೋಡ ನೋಡಿದರು, ಮೆಟ್ಟಿಲಲ್ಲಿ ರಾಶಿ ಬಿದ್ದ ಚೀಲಗಳನ್ನು ನೋಡಿದರು. ಸರಸರನೆ ಎಳೆದು ತಂದು ಅವನ ಮುಂದೆ ಸುರಿದರು. ಗಾಳಿಗಂಟೆಯ ದಾರವನ್ನೂ ಹಲ್ಲಿನಿಂದ ಕಡಿದು ಹಾಕಿದರು.

"ಇದನ್ನು ಒತ್ತು."

"ಚಿಪ್ಪಾ? ಕಾಲಿಗಿ ಚುಚ್ಚತಾವಲ್ರಿ!"

"ಚುಚ್ಚಲಿ. ಅದಕ್ಕೇ ಹೇಳಿದ್ದು."

ಮರುದಿನ ಸಂಜೆ ಪುಂಡರೀಕಾಕ್ಷರು ಹತ್ತಿ ಬಂದು, "ಇದೇನ್ರೀ, ತಾರಸೀನ ಬೀಚ್ ಮಾಡಿದೀರಾ?" ಎನ್ನುತ್ತಾ ಬರಿಗಾಲಿಟ್ಟು ಹಿಂದಕ್ಕೆಳೆದುಕೊಂಡರು. ಸಿಮೆಂಟು ಪೂರ್ತಿ ಗಟ್ಟಿಯಾಗುವತನಕ ಕಾದು, ಮುಂದಿನ ವಾರ ಶಂಭು ಅಲ್ಲಿ ನೀರು ಸುರಿದು ತೋರಿಸಿದ. ನಿಲ್ಲದೆ ಹರಿದುಹೋಯಿತು. ಸೆಕ್ರೆಟರಿ ಅವನ ಬಿಲ್ಲಿಗೆ ಸಹಿ ಹಾಕಿ ಕೆಳಗಿಳಿದರು.

ಈಗ ಬಟ್ಟೆ ಒಣಗಿಸುವವರು ಆ ಮೂಲೆಗೆ ಸುಳಿಯುವುದಿಲ್ಲ. ಯಾರೂ ಬಾರದ ಜಾಗದಲ್ಲಿ ಒಂದು ಮಣೆ, ಒಂದು ಬಕೆಟ್ಟು ಇದ್ದರೆ ಕೇಳುವವರು ಯಾರು? ಬಿಸಿಲು ಬಿದ್ದಾಗ ನೆಲ ಹೊಳೆಯುತ್ತದೆ. ಪ್ರಫುಲ್ಲಾ ಬ್ರಷ್ ನಿಲ್ಲಿಸಿ ಒಮ್ಮೆ ನೋಡುತ್ತಾರೆ, ಮತ್ತೆ ಬೈಯಲು ತೊಡಗುತ್ತಾರೆ.

ಅಷ್ಟರಲ್ಲಿ ಫೋನು. ಸೌಜನ್ಯಳದ್ದು. ಸ್ವಂತ ಫ್ಲ್ಯಾಟ್ ಆಗಿದೆಯಂತೆ, ಮೊಳೆ ಹೊಡೆಯಬಹುದಂತೆ, ಗಾಳಿಗಂಟೆ ಬೇಕಂತೆ.

"ಉಂಟು ಉಂಟು, ಎಲ್ಲಿಗೆ ಹೋಗ್ತದೆ?" ಪ್ರಫುಲ್ಲಾ ಕಾಲಬುಡದ ನೆಲವನ್ನೊಮ್ಮೆ ಸವರುತ್ತಾರೆ. "ಬರುವಾಗ ಸುತ್ತಿಗೆ, ಉಳಿ ತಗೊಂಡು ಬಾ. ನಿನ್ನದು ಯಾವುದು ಅಂತ ಗುರುತು ಸಿಕ್ಕಿದ್ರೆ ಕಿತ್ಕೊಂಡು ಹೋಗು."