ಪರದೇಶದ ಆಡಿನ ಸಂತೆಯಲ್ಲಿ ಮರಳಿ ಬಂದ ದನಿ

ತಾಯಿ ಮಾಯಕ್ಕನನ್ನು ನಂಬಿದವರೆಲ್ಲರಿಗೂ ರಾಯಬಾಗದ ಈ ಹೆಣ್ಣುಮಗಳ ಶರಣು. ತೊಂಬತ್ತಮೂರರ ಬೇಸಿಗೆಯಲ್ಲಿ ನಮ್ಮ ಯಜಮಾನರಿಗೆ ಲಕ್ವಾ ಹೊಡೆಯಿತು. ಮಿರಜದ ದವಾಖಾನೆಯಲ್ಲಿದ್ದು ಬಂದ ಮೇಲೆ ಕೈಕಾಲು ಸರಿಹೋದವು, ಮಾತು ಮಾತ್ರ ಬರಲಿಲ್ಲ. ಬರುವುದಾದರೆ ತಾನಾಗಿ ಬಂದೀತು ಎಂದರು ಡಾಕ್ಟರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ದನದ ದಲಾಲಿ ಮಾಡಿಕೊಂಡು ಊರನ್ನೆಲ್ಲ ನಗಿಸುತ್ತಿದ್ದವರು ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಒಂದು ಸಲವಾದರೂ ಇವರ ದನಿ ಕೇಳಿಸು ತಾಯಿ ಎಂದು ಚಿಂಚಲಿಯ ಮಾಯಕ್ಕನ ಗುಡಿಗೆ ಹೋಗಿ ಬೇಡಿಕೊಂಡೆ. ಅಲ್ಲಿ ಪ್ರಸಾದವಾಗಿ ಕೊಟ್ಟ ಭಂಡಾರದ ಅರಿಶಿನಪುಡಿಯನ್ನು ಅಂದಿನಿಂದ ಯಾವ ಸೀರೆ ಉಟ್ಟರೂ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದೆ.

ಮರುವರ್ಷ ಮಗಳ ಬಾಣಂತನಕ್ಕೆ ಓಮಾನಿಗೆ ಹೋಗಬೇಕಾಯಿತು. ಅಳಿಯನಿಗೆ ಅಲ್ಲಿ ಕೆಲಸ. ಇವರನ್ನು ಯಾರ ಹತ್ತಿರ ಬಿಡಲಿ? ಜೊತೆಗೇ ಕರೆದುಕೊಂಡು ಹೋದೆ.

ಒಂದು ಶುಕ್ರವಾರ ಬೆಳಿಗ್ಗೆ ಅಳಿಯ ನಮ್ಮನ್ನು ನಿಜ್ವಾ ಎಂಬ ಊರಿನ ಆಡಿನ ಸಂತೆಗೆ ಕರೆದೊಯ್ದ. ಅದೆಂಥ ಸಂತೆ ಅಂತೀರಿ! ನಮ್ಮಲ್ಲಿ ದನ ಗೂಟದಲ್ಲಿರುತ್ತದೆ, ಕೊಳ್ಳುವವರು ತಿರುಗುತ್ತಾರೆ. ಅಲ್ಲಿ ಕೊಳ್ಳುವವರು ದುಂಡಗೆ ಕೂತಿದ್ದರು, ಮಾರುವವರೇ ಆಡು ಹಿಡಿದುಕೊಂಡು ಅವರ ಮುಂದೆ ಸುತ್ತು ಹಾಕುತ್ತಿದ್ದರು. ಮರಿಗಳನ್ನು ಕೂಸಿನ ಹಾಗೆ ಎತ್ತಿಕೊಂಡಿದ್ದರು. ಅಲ್ಲಿಯ ರೂಢಿಯಂತೆ ಮುಖವಾಡ ತೊಟ್ಟ ಹೆಂಗಸರೂ ಹಲ್ಲು ನೋಡಿ, ಬೆನ್ನು ಒತ್ತಿ ನೋಡಿ ವ್ಯಾಪಾರ ಮಾಡುತ್ತಿದ್ದರು. ನಾನು ನೋಡಿದ್ದೇ ನೋಡಿದ್ದು. ಎಲ್ಲಕ್ಕಿಂತ ವಿಚಿತ್ರವೆಂದರೆ, ದರವನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದರು. ನಮ್ಮ ಕಡೆಯ ದಲಾಲರು ಜಾನುವಾರಿನ ದರ ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದೇ ತಿಳಿಸುತ್ತಾರೆ.

ತಿರುಗಿ ನೋಡಿದರೆ ಇವರು ಪಕ್ಕದಲ್ಲಿಲ್ಲ. ಮಾತಿಲ್ಲದ ಮನುಷ್ಯ, ಗುರುತಿಲ್ಲದ ದೇಶ. ಸೆರಗಿನ ಗಂಟು ಹಿಡಿದುಕೊಂಡೆ.

"ಮಾಯವ್ವಾ, ದನಿ ಬ್ಯಾಡ. ಮನಶ್ಯಾನ್ನಷ್ಟ ಕೊಡು," ಅಂದೆ.

ಅಷ್ಟರಲ್ಲಿ ಜನ ನಗುವುದು ಕೇಳಿಸಿತು. ಇವರು ಆ ಸುತ್ತಿನ ನಡುವೆ ಹೋಗಿ, ಆಡು ಮಾರುವ ಬಿಳಿಗಡ್ಡದ ಮುದುಕನ ಕೈ ಹಿಡಿದು, ಮೇಲೆ ತಮ್ಮ ಟವೆಲ್ ಮುಚ್ಚಿ ಬೆರಳು ಒತ್ತುತ್ತಿದ್ದರು. ಮುದುಕನಿಗೆ ಏನು ತಿಳಿಯಬೇಕು ಪಾಪ, ಇನ್ನೂ ಜೋರಾಗಿ ದರ ಕೂಗಿದ. ಇವರಿಗೆ ಸಿಟ್ಟು ನೆತ್ತಿಗೇರಿತು. ತುಟಿ ನಡುಗಿತು.

"ಒದರಬ್ಯಾಡೋ ಮಾರಾಯಾ," ಅಂದರು. "ಬೆರಳಿಲೆ ಹೇಳು."

ತೊದಲಿದರೂ ಅವರದೇ ದನಿ. ನಾನು ಆಡುಗಳ ನಡುವೆಯೇ ಕೂತು ಅತ್ತುಬಿಟ್ಟೆ. ಆಮೇಲೆ ಗಂಟು ಬಿಚ್ಚಿ ಇವರ ಹಣೆಗೆ ಭಂಡಾರ ಹಚ್ಚಿದೆ.

ನಾನು ಬೇಡಿದ್ದನ್ನೂ ಕೊಟ್ಟಳು, ಬೇಡವೆಂದು ಬಿಟ್ಟಿದ್ದನ್ನೂ ಕೊಟ್ಟಳು. ಸಮುದ್ರ ದಾಟಿದರೆ ತಾಯಿ ದೂರವಾಗುತ್ತಾಳೆ ಎಂಬ ಅಳುಕು ನನಗೀಗ ಇಲ್ಲ. ಇವರು ಮಾತಾಡುತ್ತಾರೆ, ಹೆಚ್ಚಾಗಿ ನನ್ನನ್ನು ಬೈಯಲಿಕ್ಕೆ. ಬೈದಾಗಲೆಲ್ಲ ನಾನು ಚಿಂಚಲಿಯ ದಿಕ್ಕಿಗೆ ತಿರುಗಿ ಕೈ ಮುಗಿಯುತ್ತೇನೆ.